ಟಿಕೆಟು ಕೊಂಡವರ ಪಾಲು

ಸಾಕ್ಷ್ಯಚಿತ್ರವೆಂದರೆ ಮೂಗು ಮುರಿಯುವವರೇ ನಮ್ಮಲ್ಲಿ ಹೆಚ್ಚು. ನಮ್ಮ ತಲೆಮಾರಿನವರಿಗಂತೂ ಟಾಕೀಸಿನಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ತೋರಿಸುತ್ತಿದ್ದ ವಾರ್ತಾಚಿತ್ರಗಳ ನೆನಪು. ಅದು ಮುಗಿಯುವ ತನಕ ಹೊರಗೆ ನಿಂತು ಶೇಂಗಾ ತಿನ್ನುವುದೇ ವಾಡಿಕೆಯಾಗಿತ್ತು. ಅಂಥ ನಾವೂ ಕುರ್ಚಿಯ ತುದಿಗೆ ಬಂದು ಕುಳಿತು ನೋಡುವ ಸಾಕ್ಷ್ಯಚಿತ್ರವೊಂದಿದೆ: ‘ದಿ ಕೋವ್’. ಲೂಯಿ ಸಿಹೋಯಸ್ ಎಂಬ ಛಾಯಾಗ್ರಾಹಕ ನಿರ್ದೇಶಿಸಿದ ಈ ಚಿತ್ರ 2009ರಲ್ಲಿ ಬಿಡುಗಡೆಯಾಗಿ, ಮರುವರ್ಷ ಆಸ್ಕರ್ ಪ್ರಶಸ್ತಿ ಪಡೆಯಿತು. ಜಪಾನಿನ ತೈಜಿ ಎಂಬ ಪುಟ್ಟ ಊರಿನ ಕೊಲ್ಲಿಯೊಂದರಲ್ಲಿ ವರ್ಷವರ್ಷವೂ ನಡೆಯುವ ಡಾಲ್ಫಿನ್ ಹತ್ಯೆಯನ್ನು ಜಗತ್ತಿಗೆ ತೋರಿಸಿತು. ಡಾಲ್ಫಿನ್ ಹತ್ಯೆಯ ವಿರುದ್ಧ ಜನಜಾಗೃತಿ ಎಂಬ ಮಾತು ಬಂದಾಗಲೆಲ್ಲ ಇಂದಿಗೂ ಮೊದಲು ನೆನಪಾಗುವ ಹೆಸರು ಇದರದೇ. ಇಷ್ಟು ವರ್ಷಗಳ ಮೇಲೆ ಅದನ್ನು ಮತ್ತೆ ನೋಡಿ, ಈ ಚಿತ್ರ ಏನನ್ನು ಮಾಡಿತು, ಏನನ್ನು ಮಾಡದೆ ಬಿಟ್ಟಿತು ಎಂದು ಲೆಕ್ಕ ಹಾಕುವುದು ಈ ಬರಹದ ಉದ್ದೇಶ.

ಕೋವ್ ಎಂದರೆ ಗುಡ್ಡಗಳ ನಡುವೆ ಕಡಲು ಒಳನುಗ್ಗಿ ಉಂಟಾದ ಸಣ್ಣ ಕೊಲ್ಲಿ. ನಮ್ಮ ಹೈಸ್ಕೂಲಿನ ಕರಿಹಲಗೆಯ ಮೇಲೆ ಈ ಹೆಸರು ಬರೆದಾಗ ಮಕ್ಕಳು ಅದನ್ನು ‘ಕೋವಿ’ ಎಂದೇ ಓದಿದರು. ತಿದ್ದಬೇಕೆಂದು ನನಗೆ ಅನ್ನಿಸಲಿಲ್ಲ. ಚಿತ್ರದ ಸ್ವಭಾವಕ್ಕೆ ಆ ಹೆಸರೂ ಒಪ್ಪುತ್ತದೆ. ಗುರಿಯಿಟ್ಟು ಹೊಡೆಯುವ ಚಿತ್ರವಿದು. ಆ ಗುರಿ ಸರಿಯಾದ ಕಡೆಗೇ ಇತ್ತೇ ಎನ್ನುವುದಷ್ಟೇ ನನ್ನ ಪ್ರಶ್ನೆ.

ಚಿತ್ರದ ನಾಯಕ ರಿಕ್ ಓ’ಬ್ಯಾರಿ. 1960ರ ದಶಕದಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ‘ಫ್ಲಿಪ್ಪರ್’ ಎಂಬ ಧಾರಾವಾಹಿ ಬರುತ್ತಿತ್ತು. ಮನುಷ್ಯರ ಗೆಳೆಯನಾದ ಒಂದು ಜಾಣ ಡಾಲ್ಫಿನ್ನಿನ ಕಥೆ. ಆ ಪಾತ್ರ ಮಾಡಿದ ಐದು ಡಾಲ್ಫಿನ್ನುಗಳನ್ನು ಹಿಡಿದು ತಂದು ಪಳಗಿಸಿದವನು ಈತ. ಧಾರಾವಾಹಿ ಬರುವ ಸಂಜೆ ಟೆಲಿವಿಷನ್ ಪೆಟ್ಟಿಗೆಯನ್ನು ನೀರಿನ ಅಂಚಿಗೆ ಒಯ್ದಿಟ್ಟು, ಫ್ಲಿಪ್ಪರಿಗೇ ಫ್ಲಿಪ್ಪರನನ್ನು ತೋರಿಸುತ್ತಿದ್ದೆ ಎಂದು ಈತ ನೆನೆಯುವಾಗ ನಗು ಬರುತ್ತದೆ. ಆದರೆ ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಧಾರಾವಾಹಿ ಮುಗಿದ ಮೇಲೆ, 1970ರಲ್ಲಿ, ಆ ಐದರಲ್ಲಿ ಒಂದಾದ ಕ್ಯಾಥಿ ಅವನ ತೋಳಿನಲ್ಲೇ ಸತ್ತಿತು. ಡಾಲ್ಫಿನ್ನಿಗೆ ಉಸಿರಾಟ ನಮ್ಮ ಹಾಗೆ ತಾನಾಗಿ ನಡೆಯುವ ಕೆಲಸವಲ್ಲ. ಪ್ರತಿಯೊಂದು ಉಸಿರನ್ನೂ ಅದು ಬೇಕೆಂದೇ ತೆಗೆದುಕೊಳ್ಳಬೇಕು. ನಿದ್ದೆಯಲ್ಲಿಯೂ ಅದರ ಮಿದುಳಿನ ಅರ್ಧ ಭಾಗ ಎಚ್ಚರವಾಗಿರುವುದು ಇದೇ ಕಾರಣಕ್ಕೆ. ಕ್ಯಾಥಿ ತನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮುಂದಿನ ಉಸಿರನ್ನು ತೆಗೆದುಕೊಳ್ಳಲೇ ಇಲ್ಲ, ಅದು ಆತ್ಮಹತ್ಯೆ ಎಂದು ಓ’ಬ್ಯಾರಿ ಹೇಳುತ್ತಾನೆ. ಒಂದು ಪ್ರಾಣಿಯ ಮನಸ್ಸಿನಲ್ಲಿ ಏನಿತ್ತೆಂದು ಯಾವ ವಿಜ್ಞಾನಿಯೂ ಪ್ರಮಾಣ ಮಾಡಿ ಹೇಳಲಾರ. ಆದರೆ ಆ ಸಾವು ಈ ಮನುಷ್ಯನಿಗೆ ಏನು ಮಾಡಿತು ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಅದಾದ ಕೂಡಲೇ ಬಹಾಮಾ ದ್ವೀಪಗಳಲ್ಲಿ ಬಂಧನದಲ್ಲಿದ್ದ ಡಾಲ್ಫಿನ್ನೊಂದನ್ನು ಬಿಡಿಸಲು ಹೋಗಿ ಆತ ಜೈಲು ಸೇರಿದ. ಅಲ್ಲಿಂದಾಚೆಗೆ ಅವನ ಬದುಕೆಲ್ಲ ತಾನು ಕಟ್ಟಿದ್ದನ್ನು ತಾನೇ ಕೆಡವುವ ಕೆಲಸವಾಯಿತು.

ಚಿತ್ರದ ಅತ್ಯುತ್ತಮ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಡಾಲ್ಫಿನ್ನಿನ ಮುಖದಲ್ಲಿ ಕಾಣುವ ನಗು ಅದರ ದವಡೆಯ ಆಕಾರವೇ ಹೊರತು ಮನಸ್ಸಿನ ಸಂತೋಷವಲ್ಲ. ಪ್ರಕೃತಿ ಮಾಡಿದ ಈ ಮೋಸಕ್ಕೆ ಬಲಿಯಾಗಿಯೇ ಜನ ಅದನ್ನು ಕೊಳದಲ್ಲಿ ಕೂಡಿಟ್ಟು ನೋಡಿ ಖುಷಿಪಡುತ್ತಾರೆ ಎಂಬ ಅರ್ಥದ ಮಾತನ್ನು ಓ’ಬ್ಯಾರಿ ಆಡುತ್ತಾನೆ. ಆ ನಗುವನ್ನು ಮನೆಮನೆಗೆ ಮಾರಿದವನೇ ಹೇಳಿದ್ದರಿಂದ ಆ ಮಾತಿಗೆ ತೂಕ ಬಂದಿದೆ.

ಇನ್ನು ಬೇಟೆಯ ವಿಚಾರ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಇದು ಶುರುವಾಗುತ್ತದೆ. ಮುಂಜಾನೆ ಹತ್ತು ಹನ್ನೆರಡು ದೋಣಿಗಳು ಕಡಲಿಗಿಳಿಯುತ್ತವೆ. ಡಾಲ್ಫಿನ್ನುಗಳ ಹಿಂಡು ಕಂಡೊಡನೆ ದೋಣಿಗಳು ಸಾಲಾಗಿ ನಿಂತು, ತುದಿಯಲ್ಲಿ ಗಂಟೆಯಂತೆ ಅಗಲವಾದ ಉದ್ದುದ್ದ ಲೋಹದ ಕೊಳವೆಗಳನ್ನು ನೀರಿಗಿಳಿಸಿ ಮೇಲಿನಿಂದ ಸುತ್ತಿಗೆಯಲ್ಲಿ ಬಡಿಯುತ್ತವೆ. ಘಟ್ಟದ ಕಡೆಯ ಹಳೆಯ ಶಿಕಾರಿಯಲ್ಲಿ ಕಾಡಿನೊಳಗೆ ನುಗ್ಗಿ ತಮಟೆ ಬಡಿದು, ಕೋವಿ ಹಿಡಿದು ನಿಂತವರ ಕಡೆಗೆ ಹಂದಿಯನ್ನು ಅಟ್ಟುತ್ತಿದ್ದರಲ್ಲ, ಇದೂ ಅದೇ ಉಪಾಯ. ನೀರಿನಲ್ಲಿ ಶಬ್ದ ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಡಾಲ್ಫಿನ್ ಶಬ್ದದಲ್ಲೇ ಬದುಕುವ ಪ್ರಾಣಿ. ತಾನೇ ಹೊರಡಿಸಿದ ಸದ್ದಿನ ಮಾರ್ದನಿಯನ್ನು ಕೇಳಿ ದಾರಿಯನ್ನೂ ಆಹಾರವನ್ನೂ ಬಳಗವನ್ನೂ ಗುರುತಿಸುತ್ತದೆ. ಅಂಥದರ ಸುತ್ತ ಶಬ್ದದ ಗೋಡೆಯೆದ್ದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಗೋಡೆಯಿಲ್ಲದ ಕಡೆಗೆ, ಎಂದರೆ ಕೊಲ್ಲಿಯ ಕಡೆಗೆ, ಹಿಂಡಿಗೆ ಹಿಂಡೇ ಓಡುತ್ತದೆ. ಹಿಂದಿನಿಂದ ಬಲೆ ಮುಚ್ಚುತ್ತದೆ.

ಆಮೇಲೆ ನಡೆಯುವುದು ಎರಡು ಕೆಲಸ. ಮೊದಲು ಮತ್ಸ್ಯಾಲಯಗಳ ತರಬೇತುದಾರರು ನೀರಿಗಿಳಿದು ಆಟಕ್ಕೆ ತಕ್ಕ, ಗಾಯವಿಲ್ಲದ, ಎಳೆಯ ಡಾಲ್ಫಿನ್ನುಗಳನ್ನು ಆರಿಸುತ್ತಾರೆ. ಹೀಗೆ ಆರಿಸಿದ ಒಂದಕ್ಕೆ ಒಂದೂವರೆ ಲಕ್ಷ ಡಾಲರುಗಳವರೆಗೂ ಬೆಲೆ ಬರುತ್ತದೆಂದು ಚಿತ್ರ ಹೇಳುತ್ತದೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಮಾಂಸಕ್ಕಾಗಿ ಕೊಲ್ಲುತ್ತಾರೆ. ಸತ್ತ ಡಾಲ್ಫಿನ್ನಿಗೆ ಚಿತ್ರ ಕೊಡುವ ಲೆಕ್ಕ ಆರುನೂರು ಡಾಲರು. ಓದುಗರು ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಮುಂದೆ ಹೇಳುವುದೆಲ್ಲ ಇವುಗಳ ಸುತ್ತಲೇ ಇದೆ.

ಕೊಲ್ಲುವ ಜಾಗ ಹೊರಗಿನವರ ಕಣ್ಣಿಗೆ ಬೀಳದಂತೆ ಗುಡ್ಡದ ಮರೆಯಲ್ಲಿದೆ. ಬೇಲಿ, ಕಾವಲು, ಪೊಲೀಸರ ಹಿಂಬಾಲಿಕೆ ಎಲ್ಲ ಇವೆ. ಅಲ್ಲಿಗೆ ಕ್ಯಾಮೆರಾ ಒಯ್ಯಬೇಕು. ಚಿತ್ರತಂಡ ಸಿನಿಮಾ ಸೆಟ್ಟು ಮಾಡುವವರಿಂದ ಹುಸಿ ಬಂಡೆಗಳನ್ನು ಮಾಡಿಸಿ ಅವುಗಳೊಳಗೆ ಕ್ಯಾಮೆರಾ ಅಡಗಿಸುತ್ತದೆ; ಉಸಿರು ಕಟ್ಟಿ ಆಳಕ್ಕೆ ಇಳಿಯುವ ಮುಳುಗುಗಾರರನ್ನು ಕರೆಸಿ ನೀರಿನಡಿ ಧ್ವನಿಗ್ರಾಹಕಗಳನ್ನು ಇಡಿಸುತ್ತದೆ; ಕತ್ತಲಲ್ಲಿ ಮೈಶಾಖದಿಂದಲೇ ಮನುಷ್ಯರನ್ನು ಗುರುತಿಸುವ ಕ್ಯಾಮೆರಾ ಹಿಡಿದು ಕಾವಲುಗಾರರ ಮೇಲೆ ಕಣ್ಣಿಡುತ್ತದೆ. ಇದನ್ನೆಲ್ಲ ನೋಡುವಾಗ ಪತ್ತೇದಾರಿ ಕಾದಂಬರಿ ಓದುವ ಸುಖ. ಬೆಳಗಾಗುವ ಮೊದಲು ತಪ್ಪಿಸಿಕೊಂಡು ಬಂದರೆ ಸಾಕಪ್ಪ ಎಂದು ನಾವೇ ಹರಕೆ ಹೊರುವಂತಾಗುತ್ತದೆ.

ಕೊನೆಗೆ ಆ ಬಂಡೆಗಳು ಕಂಡದ್ದನ್ನು ನಾವೂ ಕಾಣುತ್ತೇವೆ. ಹಿನ್ನೆಲೆಯ ಮಾತಿಲ್ಲ, ವಿವರಣೆಯಿಲ್ಲ. ನೀರು ಕೆಂಪಾಗುತ್ತದೆ. ಬಲೆ ದಾಟಿ ಬಂದ ಒಂದು ಡಾಲ್ಫಿನ್ ದಡದ ಕಡೆಗೆ ಈಜಲು ಹೆಣಗಿ, ಹೆಣಗಿ, ಮುಳುಗುತ್ತದೆ. ಇಂಥ ಕಡೆ ಮಾತಾಡದೆ ಸುಮ್ಮನಿದ್ದದ್ದು ನಿರ್ದೇಶಕನ ವಿವೇಕ. ಆ ಕೆಲವು ನಿಮಿಷಗಳನ್ನು ನೋಡಿದವರು ಈ ಕೊಲೆಯನ್ನು ಮತ್ತೆಂದೂ ಮೀನುಗಾರಿಕೆ ಎಂದು ಕರೆಯಲಾರರು. ಇಷ್ಟನ್ನು ಮಾಡಿದ ಚಿತ್ರಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

ಆದರೂ ನನ್ನ ಕೆಲವು ತಕರಾರುಗಳಿವೆ.

ನಾನು ಕಲಿಸುವುದು ಉತ್ತರ ಕನ್ನಡದ ಕರಾವಳಿಯ ಒಂದು ಹೈಸ್ಕೂಲಿನಲ್ಲಿ. ತರಗತಿಯ ಅರ್ಧಕ್ಕರ್ಧ ಮಕ್ಕಳು ಮೀನುಗಾರರ ಮನೆಯವರು. ಗೂನುಬೆನ್ನಿನ ಡಾಲ್ಫಿನ್ನುಗಳು ನಮ್ಮ ದಡದ ಸಮೀಪವೇ ಇರುವುದರಿಂದ ಅವರಿಗೆ ಡಾಲ್ಫಿನ್ ಪುಸ್ತಕದ ಪ್ರಾಣಿಯಲ್ಲ. ಒಂಬತ್ತನೆಯ ತರಗತಿಗೆ ನಾನು ಈ ಚಿತ್ರದ ಕೆಲವು ಭಾಗಗಳನ್ನು ತೋರಿಸಿದೆ, ಕೊನೆಯ ರಕ್ತದ ಭಾಗವನ್ನು ಬಿಟ್ಟು. ಬಲೆ ಮುಚ್ಚುವುದನ್ನು ನೋಡಿದ ಕೂಡಲೇ ಒಬ್ಬ ಹುಡುಗ ‘ಇದು ನಮ್ಮ ರಂಪಣಿ ಹಾಗೇ ಉಂಟಲ್ಲ’ ಎಂದ. ಅವನ ಅಜ್ಜ ರಂಪಣಿ ಬಲೆ ಎಳೆದವರು. ಇನ್ನೊಬ್ಬಳು ಹುಡುಗಿ, ತರಗತಿಯಲ್ಲಿ ಬಾಯಿ ಬಿಡದವಳು, ಎದ್ದು ನಿಂತು ಕೇಳಿದಳು: ‘ಅಕ್ಕೋರೇ, ಆ ಮೀನುಗಾರರು ಯಾಕೆ ಹೀಗೆ ಮಾಡ್ತಾರೆ ಅಂತ ಎಲ್ಲರೂ ಹೇಳಿದ್ರು. ಅವ್ರ ಹತ್ರವೇ ಕೂತು ಕೇಳ್ಬಹುದಿತ್ತಲ್ಲ?’

ವಿಮರ್ಶಕರು ಪುಟಗಟ್ಟಲೆ ಬರೆದು ಹೇಳಬೇಕಾದದ್ದನ್ನು ಅವಳು ಒಂದು ಮಾತಿನಲ್ಲಿ ಹೇಳಿದಳು. ಈ ಚಿತ್ರದಲ್ಲಿ ತೈಜಿಯ ಮೀನುಗಾರರು ಕ್ಯಾಮೆರಾಕ್ಕೆ ಅಡ್ಡ ಬರುವವರು, ಕೂಗಾಡುವವರು, ತಳ್ಳಾಡುವವರು. ಅವರಲ್ಲೊಬ್ಬನಿಗೆ ಹೆಸರೂ ಇಲ್ಲ. ‘ಖಾಸಗಿ ಜಾಗ’ ಎಂದು ಅವನು ಪದೇ ಪದೇ ಕೂಗುವುದರಿಂದ ಚಿತ್ರತಂಡ ಅದನ್ನೇ ಅವನಿಗೆ ಅಡ್ಡಹೆಸರಾಗಿ ಇಟ್ಟಿದೆ. ಪ್ರೇಕ್ಷಕರು ನಗುತ್ತಾರೆ. ಡಾಲ್ಫಿನ್ನಿಗೆ ಹೆಸರಿದೆ, ಮನುಷ್ಯನಿಗಿಲ್ಲ. ಪ್ರಾಣಿಗೆ ವ್ಯಕ್ತಿತ್ವವಿದೆ ಎಂದು ಸಾಧಿಸಲು ಹೊರಟ ಚಿತ್ರ ಮನುಷ್ಯನ ವ್ಯಕ್ತಿತ್ವವನ್ನು ಕಸಿದುಕೊಳ್ಳಬೇಕಾಗಿರಲಿಲ್ಲ.

ಅವರ ಮಾತು ಕೇಳಿದ್ದರೆ ಅವರ ಕೆಲಸ ಸರಿಯಾಗಿಬಿಡುತ್ತಿರಲಿಲ್ಲ. ‘ನೀವು ದನ ತಿನ್ನುತ್ತೀರಿ, ಹಂದಿ ತಿನ್ನುತ್ತೀರಿ, ನಾವು ಡಾಲ್ಫಿನ್ ತಿಂದರೆ ಏನು’ ಎಂಬುದು ಅಲ್ಲಿಯವರ ಒಂದು ವಾದ. ‘ಇದು ನಮ್ಮ ಪೂರ್ವಿಕರ ಸಂಪ್ರದಾಯ’ ಎಂಬುದು ಇನ್ನೊಂದು. ಮೊದಲನೆಯ ಮಾತು ಸುಲಭವಾಗಿ ತಳ್ಳಿಹಾಕುವಂಥದಲ್ಲ. ನಿತ್ಯ ಮೀನು ಬೇಯುವ ಊರಿನಲ್ಲಿ ನಿಂತು ಮಾತಾಡುವ ನನಗೆ ಅದರ ಮೊನೆ ಗೊತ್ತು. ಆದರೆ ಅದಕ್ಕೆ ಉತ್ತರವೂ ಇದೆ. ಗಾಬರಿಗೊಂಡ ಬಳಗವನ್ನು ಒಟ್ಟಾಗಿ ಕೂಡಿಹಾಕಿ, ಒಂದರ ಕಣ್ಣೆದುರು ಇನ್ನೊಂದನ್ನು ಕೊಲ್ಲುವುದನ್ನು ಯಾವ ಹದ್ದುಬಸ್ತಿನಲ್ಲಿರುವ ಕಸಾಯಿಖಾನೆಯೂ ಒಪ್ಪುವುದಿಲ್ಲ. ಮುಂದೆ ತೈಜಿಯವರು ಕೊಲ್ಲುವ ಕ್ರಮ ಬದಲಿಸಿದರು. ಕತ್ತಿನ ಹಿಂದೆ ಲೋಹದ ಸರಳು ಚುಚ್ಚಿ, ರಕ್ತ ನೀರಿಗೆ ಬೀಳದಂತೆ ಗಾಯಕ್ಕೆ ಮರದ ಬೆಣೆ ಹೊಡೆಯತೊಡಗಿದರು. ಪಶುವೈದ್ಯರೂ ಪ್ರಾಣಿವಿಜ್ಞಾನಿಗಳೂ ಅದನ್ನು ಪರೀಕ್ಷಿಸಿ, ಕೂಡಲೇ ಪ್ರಜ್ಞೆ ತಪ್ಪಿಸದ ಈ ಕ್ರಮ ಬೇರಾವ ಪ್ರಾಣಿಯ ವಧೆಗೂ ಒಪ್ಪಿಗೆಯಾಗದು ಎಂದು 2013ರಲ್ಲಿ ಬರೆದರು. ನೀರು ಕೆಂಪಾಗುವುದು ಕಡಿಮೆಯಾಯಿತು, ನೋವು ಕಡಿಮೆಯಾಗಲಿಲ್ಲ.

ಇನ್ನು ಸಂಪ್ರದಾಯದ ಮಾತು. ತೈಜಿ ನಿಜವಾಗಿಯೂ ಹಳೆಯ ತಿಮಿಂಗಿಲ ಬೇಟೆಯ ಊರು. 1606ರಲ್ಲೇ ಅಲ್ಲಿ ಸಂಘಟಿತ ಬೇಟೆ ಆರಂಭವಾಗಿತ್ತು. 1878ರ ಡಿಸೆಂಬರಿನಲ್ಲಿ ಮರಿಯೊಡನಿದ್ದ ದೊಡ್ಡ ತಿಮಿಂಗಿಲವೊಂದನ್ನು ಬೆನ್ನಟ್ಟಿಹೋದ ನೂರಕ್ಕೂ ಮಿಕ್ಕಿ ಗಂಡಸರು ಬಿರುಗಾಳಿಗೆ ಸಿಕ್ಕಿ ಮರಳಿ ಬರಲಿಲ್ಲ. ಒಂದೇ ಊರಿನಲ್ಲಿ ಅಷ್ಟು ಮನೆಗಳ ಆಧಾರ ಒಮ್ಮೆಗೇ ಹೋದದ್ದು! ಇಂಥ ಊರಿಗೆ ಕಡಲಬೇಟೆಯೆಂದರೆ ಬರೀ ಹೊಟ್ಟೆಪಾಡಲ್ಲ. ಚಿತ್ರ ಈ ಇತಿಹಾಸಕ್ಕೆ ಸ್ವಲ್ಪ ಜಾಗ ಕೊಟ್ಟಿದ್ದರೆ ಆ ಜನರ ಹಟ ಎಲ್ಲಿಂದ ಬಂತೆಂದು ನಮಗೆ ತಿಳಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅದೇ ಇತಿಹಾಸ ಅವರ ವಾದವನ್ನು ಮುರಿಯುತ್ತಿತ್ತು ಕೂಡ. ಹಳೆಯ ಬೇಟೆ ಮುಖ್ಯವಾಗಿ ದೊಡ್ಡ ತಿಮಿಂಗಿಲಗಳದು. ಡಾಲ್ಫಿನ್ ಹಿಂಡುಗಳನ್ನು ಕ್ರಮವಾಗಿ ಅಟ್ಟಿ ತರುವ ಈಗಿನ ಪದ್ಧತಿ ಶುರುವಾದದ್ದು 1969ರಲ್ಲಿ, ಊರಿನಲ್ಲಿ ತಿಮಿಂಗಿಲ ವಸ್ತುಸಂಗ್ರಹಾಲಯ ತೆರೆದಾಗ, ಅಲ್ಲಿ ಪ್ರದರ್ಶನಕ್ಕಿಡಲು ಜೀವಂತ ಪೈಲಟ್ ತಿಮಿಂಗಿಲಗಳು ಬೇಕಾದವು ಎಂಬ ಕಾರಣಕ್ಕೆ. ಪೈಲಟ್ ತಿಮಿಂಗಿಲವೂ ಡಾಲ್ಫಿನ್ ಕುಟುಂಬದ್ದೇ. ಎಂದರೆ ಈ ‘ಪ್ರಾಚೀನ ಸಂಪ್ರದಾಯ’ ನನ್ನ ವಯಸ್ಸಿನವರಿಗಿಂತ ಬಹಳವೇನೂ ಹಿರಿದಲ್ಲ. ಅದು ಹುಟ್ಟಿದ್ದೇ ನೋಡುಗರಿಗಾಗಿ.

ಅಂಕಿಗಳ ವಿಚಾರದಲ್ಲಿಯೂ ಚಿತ್ರ ಅವಸರ ಮಾಡಿದೆ. ಜಪಾನಿನಲ್ಲಿ ವರ್ಷಕ್ಕೆ 23 ಸಾವಿರ ಡಾಲ್ಫಿನ್ನುಗಳ ಹತ್ಯೆಯಾಗುತ್ತದೆಂಬ ಅಂಕಿಯನ್ನು ತೈಜಿಯ ದೃಶ್ಯಗಳ ಜೊತೆ ಕೇಳಿದವರು ಅಷ್ಟೂ ಅದೇ ಕೊಲ್ಲಿಯಲ್ಲಿ ಸಾಯುತ್ತವೆಂದು ತಿಳಿಯುತ್ತಾರೆ. ಆಗಿನ ಲೆಕ್ಕದಲ್ಲಿ ಬಹುಪಾಲು ಉತ್ತರದ ಕಡಲಿನಲ್ಲಿ ಕೈಭರ್ಜಿಯಿಂದ ಕೊಲ್ಲುತ್ತಿದ್ದ ಪಾರ್ಪಾಯಿಸ್ ಎಂಬ ಹತ್ತಿರದ ಜಾತಿಯವು. ತೈಜಿಯ ಪಾಲು ಅದರಲ್ಲಿ ಚಿಕ್ಕದು. ನ್ಯಾಯದ ಪಕ್ಷದಲ್ಲಿ ನಿಂತವರು ಅಂಕಿಗಳ ವಿಷಯದಲ್ಲಿ ಎದುರಾಳಿಗಿಂತ ಹೆಚ್ಚು ಬಿಗಿಯಾಗಿರಬೇಕು. ಇಲ್ಲದಿದ್ದರೆ ಒಂದು ಸಡಿಲ ಗಂಟನ್ನು ಹಿಡಿದು ಎದುರಾಳಿ ಇಡೀ ಬಲೆಯನ್ನೇ ಬಿಚ್ಚುತ್ತಾನೆ.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಈ ಚಿತ್ರದಲ್ಲಿ ಇಬ್ಬರು ಜಪಾನೀಯರು ಬರುತ್ತಾರೆ, ತೈಜಿಯ ಪುರಸಭೆಯ ಸದಸ್ಯರು. ಡಾಲ್ಫಿನ್ ಮತ್ತು ಪೈಲಟ್ ತಿಮಿಂಗಿಲದ ಮಾಂಸದಲ್ಲಿ ಪಾದರಸ ವಿಪರೀತವಾಗಿರುತ್ತದೆ. ಸಣ್ಣ ಮೀನನ್ನು ದೊಡ್ಡ ಮೀನು, ದೊಡ್ಡ ಮೀನನ್ನು ಡಾಲ್ಫಿನ್ ತಿನ್ನುತ್ತ ಹೋದಂತೆ ವಿಷ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಮೇಲಿನವರಲ್ಲಿ ಶೇಖರವಾಗುತ್ತದೆ. ಪಾದರಸ ಏನು ಮಾಡುತ್ತದೆಂದು ಜಪಾನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1956ರಲ್ಲಿ ಬೆಳಕಿಗೆ ಬಂದ ಮಿನಾಮಾತಾ ರೋಗ, ಕಾರ್ಖಾನೆಯೊಂದು ಕಡಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಬಡವರ ತಟ್ಟೆಗೆ ಬಂದು, ತಾಯಂದಿರ ಗರ್ಭದಲ್ಲಿದ್ದ ಶಿಶುಗಳನ್ನೂ ಬಿಡದ ದುರಂತ. ಇಷ್ಟಾಗಿಯೂ ತೈಜಿಯ ಶಾಲೆಯ ಮಧ್ಯಾಹ್ನದ ಊಟದಲ್ಲಿ ಈ ಮಾಂಸ ಬಡಿಸಲಾಗುತ್ತಿತ್ತು. ಈ ಇಬ್ಬರು ಸದಸ್ಯರು ಮಾಂಸವನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಬಹಿರಂಗಪಡಿಸಿದರು. 2007ರಲ್ಲಿ ಶಾಲೆಯ ಊಟದಿಂದ ಅದನ್ನು ತೆಗೆಯಲಾಯಿತು.

ನಮ್ಮಲ್ಲಿ ಬಿಸಿಯೂಟ ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ಆ ಒಂದು ತುತ್ತನ್ನು ಬಾಯಿಗಿಡುವಾಗ ಅದು ಬರೀ ಉಪ್ಪು ಖಾರದ ಪರೀಕ್ಷೆಯಲ್ಲವೆಂದು ಎಲ್ಲ ಶಿಕ್ಷಕಿಯರಿಗೂ ಗೊತ್ತು. ಆದ್ದರಿಂದಲೇ ಇರಬೇಕು, ನನ್ನ ಮಟ್ಟಿಗೆ ಈ ಚಿತ್ರದ ನಿಜವಾದ ಧೀರರು ಕತ್ತಲಲ್ಲಿ ಬಂಡೆ ಇಟ್ಟು ಬಂದವರಲ್ಲ, ಈ ಇಬ್ಬರು. ಬಂಡೆ ಇಟ್ಟವರು ಬೆಳಗಾದರೆ ವಿಮಾನ ಹತ್ತುವವರು. ಇವರು ಮೂರು ಸಾವಿರ ಚಿಲ್ಲರೆ ಜನರ ಊರಿನಲ್ಲಿ, ಅದೇ ಅಂಗಡಿ, ಅದೇ ಬೀದಿ, ಅದೇ ನೆಂಟರ ನಡುವೆ ಮರುದಿನವೂ ಮುಖ ತೋರಿಸಬೇಕಾದವರು. ಆದರೆ ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಹುಸಿ ಬಂಡೆಗಳಿಗೆ ಸಿಕ್ಕಷ್ಟು ಹೊತ್ತು ಈ ನಿಜ ಮನುಷ್ಯರಿಗೆ ಸಿಕ್ಕಿಲ್ಲ.

2010ರಲ್ಲಿ ಮಿನಾಮಾತಾ ರೋಗದ ರಾಷ್ಟ್ರೀಯ ಸಂಸ್ಥೆ ತೈಜಿಯ ನಿವಾಸಿಗಳ ತಲೆಗೂದಲನ್ನು ಪರೀಕ್ಷಿಸಿದ ವರದಿ ಪ್ರಕಟಿಸಿತು. ಪಾದರಸ ದೇಶದ ಬೇರೆ ಕಡೆಗಿಂತ ಬಹಳ ಹೆಚ್ಚಿತ್ತು. ಆದರೆ ಅದರಿಂದಾದ ರೋಗಲಕ್ಷಣಗಳು ಕಂಡುಬರಲಿಲ್ಲ. ಇದನ್ನೂ ಹೇಳುವುದು ನ್ಯಾಯ. ಸದಸ್ಯರು ಎತ್ತಿದ ಪ್ರಶ್ನೆ ಅಂಥ ಪರೀಕ್ಷೆಯನ್ನು ಬೇಡುವಷ್ಟು ಗಂಭೀರವಾಗಿತ್ತು ಎಂಬುದಂತೂ ಸ್ಪಷ್ಟವಾಯಿತು.

ಚಿತ್ರ ಬಂದ ಮೇಲೆ ಏನಾಯಿತು? ಜಪಾನಿನಲ್ಲಿ 2010ರಲ್ಲಿ ಅದರ ಪ್ರದರ್ಶನಕ್ಕೆ ಬಲಪಂಥೀಯ ಗುಂಪುಗಳು ಅಡ್ಡಿ ಮಾಡಿದವು. ಕೆಲವು ಚಿತ್ರಮಂದಿರಗಳು ಹೆದರಿ ಹಿಂದೆಗೆದವು. ಹೊರಗಿನಿಂದ ಬಯ್ಗುಳ ಹೆಚ್ಚಾದಷ್ಟೂ ಒಳಗಿನವರು ಒಂದಾದರು. ತಿಮಿಂಗಿಲದ ಮಾಂಸವನ್ನೇ ಎಂದೂ ಬಯಸದವರಿಗೂ ಅದು ದೇಶದ ಮಾನದ ಪ್ರಶ್ನೆಯಾಗಿ ಕಂಡಿತು. 2015ರಲ್ಲಿ ಒಬ್ಬ ಜಪಾನೀ ಮಹಿಳೆ ಇದಕ್ಕೆ ಉತ್ತರವೆಂಬಂತೆ ‘ಬಿಹೈಂಡ್ ದಿ ಕೋವ್’ ಎಂಬ ಚಿತ್ರ ತೆಗೆದರೆ, ಮರುವರ್ಷ ಮೆಗುಮಿ ಸಸಾಕಿ ಎಂಬಾಕೆ ‘ಎ ವ್ಹೇಲ್ ಆಫ್ ಎ ಟೇಲ್’ ತೆಗೆದು ಎರಡೂ ಕಡೆಯವರ ಮಾತಿಗೆ ಕಿವಿಗೊಟ್ಟಳು. ನನ್ನ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಆಕೆಯೂ ಕೇಳಿಕೊಂಡಿರಬೇಕು.

ಆದರೆ ಒಂದು ಪೆಟ್ಟು ಮಾತ್ರ ಸರಿಯಾದ ಜಾಗಕ್ಕೆ ಬಿತ್ತು. ಅದು ಮೀನುಗಾರನಿಗೆ ಬಿದ್ದದ್ದಲ್ಲ, ಗಿರಾಕಿಗೆ ಬಿದ್ದದ್ದು. ಹೋರಾಟಗಾರರು ಮತ್ಸ್ಯಾಲಯಗಳ ಬೆನ್ನು ಹತ್ತಿದರು. 2015ರ ಏಪ್ರಿಲಿನಲ್ಲಿ ಪ್ರಾಣಿಸಂಗ್ರಹಾಲಯಗಳ ಜಾಗತಿಕ ಒಕ್ಕೂಟ ಜಪಾನಿನ ಸಂಘದ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ಮುಂದಿನ ತಿಂಗಳೇ ಆ ಸಂಘ ಮತ ಹಾಕಿ, ತೈಜಿಯ ಬೇಟೆಯಿಂದ ಡಾಲ್ಫಿನ್ ಕೊಳ್ಳುವುದಿಲ್ಲವೆಂದು ತನ್ನ ಸದಸ್ಯರಿಗೆ ಕಟ್ಟು ಹಾಕಿತು. ತೈಜಿಯ ವಸ್ತುಸಂಗ್ರಹಾಲಯ ಆ ಸಂಘವನ್ನೇ ಬಿಟ್ಟಿತು, ಚೀನಾ ಮೊದಲಾದ ಕಡೆಯ ಹೊಸ ಮತ್ಸ್ಯಾಲಯಗಳು ಗಿರಾಕಿಗಳಾದವು, ಬೇಟೆ ಇಂದಿಗೂ ನಿಂತಿಲ್ಲ. ಆದರೂ ಬೇರು ಎಲ್ಲಿದೆ ಎಂಬುದು ಆಗ ಬಯಲಾಯಿತು. ಒಂದೂವರೆ ಲಕ್ಷ ಮತ್ತು ಆರುನೂರು ಎಂಬ ಅಂಕಿಗಳನ್ನು ನೆನಪಿಡಿ ಎಂದು ಹೇಳಿದ್ದು ಇದಕ್ಕೇ. ಬೆಳಿಗ್ಗೆ ದೋಣಿಗಳು ಹೊರಡುವುದರ ಹಿಂದೆ ಮಾಂಸಕ್ಕಿಂತ ಹೆಚ್ಚಿನ ಆಸೆ ಇರುವುದು ಜೀವಂತ ಡಾಲ್ಫಿನ್ನಿನ ಮೇಲೆ. ಆ ಬೆಲೆಯನ್ನು ಕೊಡುವವರು ಯಾರು? ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಡಾಲ್ಫಿನ್ ಚೆಂಡಾಡುವುದನ್ನು ನೋಡಿ ಚಪ್ಪಾಳೆ ತಟ್ಟಿ ಬರುವ, ಇರುವೆಯನ್ನೂ ನೋಯಿಸದ ಸಂಸಾರಸ್ಥರು. ಚಿತ್ರಕ್ಕೆ ಇದು ಗೊತ್ತಿಲ್ಲವೆಂದಲ್ಲ. ಓ’ಬ್ಯಾರಿಯ ಬಾಯಿಂದಲೇ ಹೇಳಿಸುತ್ತದೆ. ಆದರೆ ಹೇಳಿ ಮುಗಿಸುವಷ್ಟರಲ್ಲಿ ಹುಸಿ ಬಂಡೆಗಳ ರೋಮಾಂಚನ ಶುರುವಾಗಿ, ನೋಡುಗನ ಸಿಟ್ಟೆಲ್ಲ ದೂರದ ದೇಶದ ಎರಡು ಡಜನ್ ಮೀನುಗಾರರ ಮೇಲೆ ಹರಿದುಬಿಡುತ್ತದೆ. ಟಿಕೆಟು ಕೊಂಡವನು ಪಾಪದಲ್ಲಿ ತನಗೆ ಪಾಲಿಲ್ಲವೆಂಬ ಸಮಾಧಾನದಲ್ಲಿ ಮನೆಗೆ ಹೋಗುತ್ತಾನೆ.

ಇದಕ್ಕೆ ಹೋಲಿಸಲು ಹಿಂದಿನ ಒಂದು ಉದಾಹರಣೆಯಿದೆ. ಪೆಸಿಫಿಕ್ ಸಾಗರದಲ್ಲಿ ಟ್ಯೂನಾ ಮೀನಿನ ಗುಂಪಿನ ಮೇಲೆ ಡಾಲ್ಫಿನ್ನುಗಳು ಈಜುತ್ತಿರುತ್ತವೆ. ದೊಡ್ಡ ಬಲೆ ಸುತ್ತಿ ಟ್ಯೂನಾ ಹಿಡಿಯುವಾಗ ಡಾಲ್ಫಿನ್ನುಗಳೂ ಸಿಕ್ಕಿ ದಶಕಗಳ ಕಾಲ ಲಕ್ಷಗಟ್ಟಲೆ ಸತ್ತವು. ಸ್ಯಾಮ್ ಲಬಡ್ ಎಂಬ ಯುವಕ ಅಂಥ ದೋಣಿಯಲ್ಲಿ ಅಡಿಗೆಯವನಾಗಿ ಸೇರಿ, ಸಣ್ಣ ವೀಡಿಯೋ ಕ್ಯಾಮೆರಾದಲ್ಲಿ ಅದನ್ನು ಚಿತ್ರಿಸಿದ. 1988ರಲ್ಲಿ ಅಮೆರಿಕದ ಟೆಲಿವಿಷನ್ ಅದನ್ನು ತೋರಿಸಿತು. ಅದರಲ್ಲಿ ಕಲೆಯಿರಲಿಲ್ಲ, ಸಂಗೀತವಿರಲಿಲ್ಲ, ನಾಯಕನಿರಲಿಲ್ಲ. ಆದರೆ ನೋಡಿದ ಗೃಹಿಣಿಯ ಅಡಿಗೆಮನೆಯ ಕಪಾಟಿನಲ್ಲಿ ಆ ಟ್ಯೂನಾದ ಡಬ್ಬಿಯಿತ್ತು. ಆಕೆ ಡಬ್ಬಿ ಕೊಳ್ಳುವುದನ್ನು ಬಿಟ್ಟಳು, ಶಾಲೆಯ ಮಕ್ಕಳು ಕಂಪನಿಗಳಿಗೆ ಪತ್ರ ಬರೆದರು. 1990ರಲ್ಲಿ ದೊಡ್ಡ ಕಂಪನಿಗಳು ಡಾಲ್ಫಿನ್ ಸಾಯಿಸಿ ಹಿಡಿದ ಟ್ಯೂನಾ ಕೊಳ್ಳುವುದಿಲ್ಲವೆಂದು ಸಾರಿದವು. ದೂರದವನ ಕತ್ತಿಯನ್ನು ತೋರಿಸುವ ಜಾಗೃತಿಗೂ ನಮ್ಮ ಕಪಾಟನ್ನು ತೋರಿಸುವ ಜಾಗೃತಿಗೂ ಇರುವ ವ್ಯತ್ಯಾಸ ಇದು.

ನಮ್ಮ ದೇಶದ ಮಾತನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ನಾವೂ ಗಿರಾಕಿಗಳಾಗುವುದರಲ್ಲಿದ್ದೆವು. 1998ರಲ್ಲಿ ಚೆನ್ನೈ ಬಳಿಯ ವಿಹಾರಧಾಮವೊಂದಕ್ಕೆ ಬಲ್ಗೇರಿಯಾದಿಂದ ತಂದ ಡಾಲ್ಫಿನ್ನುಗಳು ಕೆಲವೇ ತಿಂಗಳಲ್ಲಿ ಸತ್ತುಹೋದವು. ಆಮೇಲೂ ಕೊಚ್ಚಿ ಮೊದಲಾದ ಕಡೆ ಡಾಲ್ಫಿನ್ ಆಟದ ಕೊಳಗಳ ಯೋಜನೆಗಳು ಬಂದವು. ಪ್ರಾಣಿದಯಾ ಸಂಘಟನೆಗಳು ವಿರೋಧಿಸಿದವು. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಇಂಥ ಕೊಳಗಳಿಗೆ ಅನುಮತಿ ಕೊಡಬಾರದೆಂದು ಎಲ್ಲ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಡಾಲ್ಫಿನ್ನುಗಳನ್ನು ಮನುಷ್ಯರಲ್ಲದ ವ್ಯಕ್ತಿಗಳೆಂದು ಭಾವಿಸಬೇಕೆಂಬ ವಿಜ್ಞಾನಿಗಳ ಅಭಿಪ್ರಾಯವನ್ನೂ ಅದರಲ್ಲಿ ಸೇರಿಸಿತು. ಸರಕಾರಿ ಸುತ್ತೋಲೆಗಳನ್ನು ಓದಿ ಓದಿ ಸಾಕಾದ ನನ್ನಂಥವರಿಗೆ ಆ ಭಾಷೆಯಲ್ಲೂ ಇಂಥ ಮಾತು ಬರೆಯಲು ಸಾಧ್ಯವೆಂದು ಆಗ ತಿಳಿಯಿತು. ಯಾರಿಗೂ ಬೈಯದೆ, ಯಾವ ದೇಶವನ್ನೂ ದೂರದೆ, ‘ನಮಗೆ ಈ ಆಟ ಬೇಡ’ ಎಂದ ಸುತ್ತೋಲೆ ಅದು. ಪತ್ರಿಕೆಗಳ ಒಳಪುಟದಲ್ಲಿ ಬಂದು ಹೋಯಿತು. ನನ್ನ ಲೆಕ್ಕದಲ್ಲಿ ಅದರ ಬೆಲೆ ಆಸ್ಕರಿಗಿಂತ ಕಡಿಮೆಯಲ್ಲ.

ಹಾಗೆಂದು ನಾವು ಬೀಗಬೇಕಾಗಿಲ್ಲ. ಗಂಗಾನದಿಯ ಡಾಲ್ಫಿನ್ನನ್ನು ರಾಷ್ಟ್ರೀಯ ಜಲಚರವೆಂದು 2009ರಲ್ಲಿ ಆರಿಸಿದ ದೇಶದಲ್ಲೇ, 2020ರ ಕೊನೆಯ ದಿನ, ಉತ್ತರ ಪ್ರದೇಶದ ಪ್ರತಾಪಗಢದ ಕಾಲುವೆಯೊಂದಕ್ಕೆ ದಾರಿ ತಪ್ಪಿ ಬಂದ ಅಂಥದೇ ಒಂದು ಡಾಲ್ಫಿನ್ನನ್ನು ಜನ ದೊಣ್ಣೆ ಕೊಡಲಿಗಳಿಂದ ಹೊಡೆದು ಕೊಂದರು. ಕೆಲವು ದಿನಗಳ ಮೇಲೆ ಅದರ ವೀಡಿಯೋ ಹರಿದಾಡಿತು, ಮೂವರ ಬಂಧನವಾಯಿತು, ದೇಶವೆಲ್ಲ ಛೀ ಥೂ ಎಂದಿತು. ಒಂದು ವಾರದಲ್ಲಿ ಮರೆಯಿತು. ಗಂಗೆಯಲ್ಲಿ ಡಾಲ್ಫಿನ್ನಿನ ಎಣ್ಣೆಯನ್ನು ಮೀನಿಗೆ ಗಾಳದ ಆಮಿಷವಾಗಿ ಬಳಸುವುದು, ಬಲೆಗೆ ಸಿಕ್ಕಿ ಅವು ಉಸಿರುಗಟ್ಟಿ ಸಾಯುವುದು, ಅಣೆಕಟ್ಟು, ಹೊಲಸು, ಇವು ಯಾವುವೂ ವೀಡಿಯೋದಲ್ಲಿ ಚೆನ್ನಾಗಿ ಕಾಣುವ ಸಂಗತಿಗಳಲ್ಲ. 2025ರಲ್ಲಿ ಪ್ರಕಟವಾದ ಗಣತಿಯಂತೆ ದೇಶದ ನದಿಗಳಲ್ಲಿರುವ ಡಾಲ್ಫಿನ್ನುಗಳು 6,327. ಅವುಗಳನ್ನು ಉಳಿಸಬೇಕಾದದ್ದು ಒಂದು ವಾರದ ಸಿಟ್ಟಲ್ಲ.

ಮಕ್ಕಳಿಗೆ ಈ ಚಿತ್ರ ತೋರಿಸಬೇಕೇ ಎಂದು ಸಹೋದ್ಯೋಗಿಗಳು ಕೇಳುವುದುಂಟು. ತೋರಿಸಬೇಕು ಎಂದೇ ನನ್ನ ಉತ್ತರ. ಆದರೆ ಜಪಾನೀಯರು ಕ್ರೂರಿಗಳು ಎಂದು ಒಂದೇ ಒಂದು ಮಗುವೂ ಹೇಳಿಕೊಂಡು ಹೊರಗೆ ಹೋಗಬಾರದು. ಒಂದು ಪ್ರಾಣಿಯ ಮೇಲೆ ಕರುಣೆ ಹುಟ್ಟಿಸಲು ಒಂದು ಜನಾಂಗದ ಮೇಲೆ ದ್ವೇಷ ಹುಟ್ಟಿಸಬೇಕಾದರೆ ಆ ಪಾಠದಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಓ’ಬ್ಯಾರಿಯ ಕಥೆಯನ್ನೂ ಆ ಇಬ್ಬರು ಸದಸ್ಯರ ಮಾತನ್ನೂ ಪೂರ್ತಿ ತೋರಿಸಿ, ಬೆಲೆಗಳ ಅಂಕಿ ಬಂದಲ್ಲಿ ನಿಲ್ಲಿಸಿ, ಈ ಹಣ ಎಲ್ಲಿಂದ ಬಂತು ಎಂದು ಕೇಳಿದರೆ ಸಾಕು. ಉಳಿದದ್ದನ್ನು ಮಕ್ಕಳೇ ಬಿಡಿಸುತ್ತಾರೆ. ಈಗ ನಮ್ಮ ಗೋಕರ್ಣ, ಕಾರವಾರಗಳ ಕಡಲಲ್ಲಿಯೂ ದೋಣಿ ಹತ್ತಿಸಿ ಡಾಲ್ಫಿನ್ ತೋರಿಸುವ ವ್ಯವಹಾರವಿದೆ. ಅದು ತೈಜಿಯಲ್ಲ, ಹಲವರ ಹೊಟ್ಟೆಪಾಡು, ದೂರದಿಂದ ನೋಡಿ ಬಂದರೆ ಯಾರಿಗೂ ಕೇಡಿಲ್ಲ. ಆದರೆ ಡಾಲ್ಫಿನ್ ಹತ್ತಿರ ಕಾಣದಿದ್ದರೆ ಕೊಟ್ಟ ದುಡ್ಡು ದಂಡ ಎಂದು ದೋಣಿಯಲ್ಲಿ ಕುಳಿತವರು ಗೊಣಗತೊಡಗಿದರೆ, ದೋಣಿಯವನು ಇಂಜಿನ್ನಿನ ಸದ್ದು ಏರಿಸಿ ಹಿಂಡನ್ನು ಬೆನ್ನಟ್ಟಲೇಬೇಕಾಗುತ್ತದೆ. ಆಗ ಬೆನ್ನಟ್ಟಿದವನು ದೋಣಿಯವನೊಬ್ಬನೇ ಅಲ್ಲ.

ಸಿಹೋಯಸ್ ಅವರ ಚಿತ್ರ ಕೊಲ್ಲಿಯೊಳಗೆ ಕ್ಯಾಮೆರಾ ಇಟ್ಟಿತು. ಅದು ಸಣ್ಣ ಸಾಹಸವಲ್ಲ. ಡಾಲ್ಫಿನ್ ಪ್ರದರ್ಶನದ ಮೆಟ್ಟಿಲುಗಳ ಮೇಲೆ ಐಸ್‌ಕ್ರೀಮ್ ಹಿಡಿದು ಕುಳಿತವರ ಮುಖಗಳ ಮೇಲೂ ಆ ಕ್ಯಾಮೆರಾ ಅಷ್ಟೇ ಹೊತ್ತು ನಿಂತಿದ್ದರೆ, ಚಿತ್ರದ ರೋಚಕತೆ ಸ್ವಲ್ಪ ಕಡಿಮೆಯಾಗುತ್ತಿತ್ತು, ಪ್ರಶಸ್ತಿಯೂ ಬರುತ್ತಿತ್ತೋ ಇಲ್ಲವೋ. ಕೆಲಸ ಮಾತ್ರ ಹೆಚ್ಚಾಗುತ್ತಿತ್ತು.